ಗಂಟಿಲ್ಲದ ಗಂಜಿ

ಈ ಪೊಟ್ಟಣದ ಮೇಲೂ ಅದೇ ಬಿಳಿ ಬಟ್ಟಲು, ಅದೇ ನೀಲಿ ಹಣ್ಣು, ನೇರಳೆಯೂ ಅಲ್ಲ ಕಾರೆಯೂ ಅಲ್ಲ, ನಮ್ಮ ಕಡೆಯ ಯಾವ ಬೇಲಿಯಲ್ಲೂ ಕಾಣದ ಹಣ್ಣು, ಪಕ್ಕದಲ್ಲಿ ಚಮಚ ಹಿಡಿದು ಹಲ್ಲೆಲ್ಲ ಬಿಟ್ಟು ನಗುವ ಹೆಂಗಸು — ನಗು ತಾಯಿ ನಗು, ಮೂರು ನಿಮಿಷದಲ್ಲಿ ಒಲೆ ಆರಿಸುವವಳು ನಗದೆ ಇನ್ನೇನು ಮಾಡುತ್ತಾಳೆ, ನಿನ್ನ ಗಂಡ ಎದುರಿಗೆ ಕೂತು ತಟ್ಟೆಯನ್ನೇ ದಿಟ್ಟಿಸುತ್ತಿಲ್ಲವಲ್ಲ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಪರೀಕ್ಷೆ ಮಾಡುತ್ತಿಲ್ಲವಲ್ಲ — ಒಂದು ಗೋಡೆ ತುಂಬ ಇವೇ ಪೊಟ್ಟಣಗಳು, ಕೆಂಪು, ಹಸಿರು, ಹಳದಿ, ಎಲ್ಲವೂ ಓಟ್ಸು, ಕಂಪಲಾಪುರದಿಂದ ಬಸ್ಸು ಹತ್ತಿ ಹುಣಸೂರಿಗೆ ಬಂದದ್ದು ಗಂಜಿಗೆ ಹಿಟ್ಟು ಕೊಳ್ಳುವುದಕ್ಕೆ ಅಂದರೆ ನನ್ನವ್ವ ಬದುಕಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು, ಅಟ್ಟದ್ಮ್ಯಾಲೆ ರಾಗಿ ಮಡಿಕ್ಕಂಡು ಅಂಗ್ಡಿ ಗಂಜಿಗೋಯ್ತಿಯೇನಮ್ಮಿ ಕೆಂಪಾಜಿ ಅನ್ನುತ್ತಿದ್ದಳು. ಹೋಗದೆ ಏನು ಮಾಡಲವ್ವ, ರಾಗಿ ಗಂಜಿ ಬಾಯಿಗೆ ಹಿಡಿದರೆ ನಿನ್ನ ಅಳಿಯ ಹಲ್ಲು ಕಚ್ಚಿಕೊಳ್ಳುತ್ತಾರೆ, ಗಂಜಿ ಕಾಯಿಲೆಯವರ ಊಟ ಅಂತ ಹಿಂದೆ ಯಾವತ್ತೋ ಅಂದದ್ದನ್ನು ಈಗ ಕಾಯಿಲೆ ಬಿದ್ದಾಗಲೂ ಬಿಡುವುದಿಲ್ಲ, ಮಾತು ಹೋಯಿತು, ಕೈ ಹೋಯಿತು, ಹಟ ಮಾತ್ರ ಗಟ್ಟಿಯಾಗಿ ಕೂತಿದೆ. ಅಂಗಡಿಯ ವೀರಭದ್ರಸ್ವಾಮಿ ಅಲ್ಲಿಂದಲೇ ಕೂಗುತ್ತಾನೆ, ಮಸಾಲೆದು ತಕೊ ಕಣಕ್ಕ, ಎಲ್ರೂ ಅದ್ನೇ ಒಯ್ತಾರೆ, ಬಿಸ್ನೀರ್ ಉಯ್ದ್ರೆ ಆಯ್ತು. ಯಾರಿಗೆ ಅಂತ ಕೇಳಲಿಲ್ಲ, ಹಲ್ಲಿದೆಯಾ ಗಂಟಲಿದೆಯಾ ಅಂತ ಕೇಳಲಿಲ್ಲ, ಎಲ್ಲರೂ ಒಯ್ಯುತ್ತಾರಂತೆ, ಎಲ್ಲರ ಮನೆಯಲ್ಲೂ ಲಕ್ವ ಹೊಡೆದ ಗಂಡ ಇರುತ್ತಾನೇನಪ್ಪ.

ಹೊಡೆದದ್ದು ಹೊಗೆಸೊಪ್ಪು ಕಾಯಿಸಿ ಒಣಗಿಸುವ ಬ್ಯಾರನ್ನಿನ ಬಾಗಿಲಲ್ಲಿ, ಬೆಳಿಗ್ಗೆ ಬೆಂಕಿ ನೋಡಲು ಹೋದವರು ಅಲ್ಲೇ ಮಗ್ಗುಲಾಗಿ ಬಿದ್ದಿದ್ದರು, ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮೂರು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದ ಗಂಟಲು ನಿಂತೇಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ, ಕೊಳವೆಯಲ್ಲಿ ನೀರಿನಂಥ ಊಟ, ಅದನ್ನು ತೆಗೆದ ದಿನ ಒಬ್ಬಳು ಹುಡುಗಿ ಬಂದಳು, ನುಂಗುವುದನ್ನು ಕಲಿಸುವುದೇ ಅವಳ ಕೆಲಸವಂತೆ, ಅದಕ್ಕೂ ಒಬ್ಬರಿರುತ್ತಾರೆ — ಮಹದೇವಯ್ಯನ ಕಡೆಯವರು ಯಾರು ಅಂದಳು, ನಾನು ಎದ್ದೆ, ಅಮ್ಮಾ ಇನ್ನು ಮುದ್ದೆ ಕೊಡಬೇಡಿ, ನೆತ್ತಿಗೆ ಹತ್ತಿದರೆ ಶ್ವಾಸಕೋಶಕ್ಕೆ ಇಳಿಯುತ್ತೆ, ಮೆತ್ತಗೆ ಗಂಜಿಯ ಥರ ಇರಬೇಕು, ನಯವಾಗಿರಬೇಕು, ಒಂದು ಗಂಟೂ ಇರಬಾರದು. ಒಂದು ಗಂಟೂ ಇರಬಾರದು. ನನಗೆ ಮೈಯೆಲ್ಲ ಉರಿದುಹೋಯಿತು, ನೀನೂ ಇವರ ಪಕ್ಷವೇನೇ ಮಗಳೆ, ಮದುವೆಯಾಗಿ ಬಂದಾಗಿನಿಂದ ಇದೊಂದೇ ಮಾತು ಕೇಳಿದ್ದೇನೆ, ಈಗ ಡಾಕ್ಟರ ಚೀಟಿಯಲ್ಲೂ ಅದೇ ಬರಬೇಕೆ. ಮುದ್ದೆಯನ್ನು ಅಗಿದರೆ ಹಲ್ಲಿಗೆ ಅವಮಾನ ಅನ್ನುತ್ತಿದ್ದ ಮನುಷ್ಯ, ಒಂದೊಂದು ತುತ್ತೂ ಸಾರಿನಲ್ಲಿ ಹೊರಳಿಸಿ ಗುಳುಂ ಅಂತ ನುಂಗುತ್ತಿದ್ದವರು, ಅದಕ್ಕೇ ಗಂಟು ಆಗದು, ನುಂಗುವವನ ಗಂಟಲಿಗೆ ಅದು ಕಲ್ಲಿನ ಹಾಗೆ ತಿಳಿಯುತ್ತದೆ, ಸರಿ ಒಪ್ಪಿದೆ — ಆದರೆ ಆವತ್ತು, ಮದುವೆಯ ಹೊಸದರಲ್ಲಿ, ಕೋಟೆ ತಾಲ್ಲೂಕಿನಿಂದ ಅವರ ಭಾವ ಬಂದು ಎಲ್ಲರೂ ಸಾಲಾಗಿ ಉಣ್ಣಲು ಕೂತಿದ್ದಾಗ, ನಾನು ಬಡಿಸಿದ ಮುದ್ದೆಗೆ ಹೆಬ್ಬೆರಳು ಹೂತು ಒತ್ತಿ ನೋಡಿ, ಗಂಟದೆ ಅಂದರು, ಅಷ್ಟೇ, ಇನ್ನೊಂದು ಮಾತಿಲ್ಲ, ತಟ್ಟೆ ಎತ್ತಿ ಬೀಸಿದರು. ತಟ್ಟೆ ಗೋಡೆಗೆ ಹೊಡೆಯಿತು, ಸಾರು ಸುಣ್ಣದ ಮೇಲೆ ಇಳಿಯಿತು, ಮುದ್ದೆ ಮಾತ್ರ ಉರುಳಿತು, ಅವಸರವಿಲ್ಲದೆ ಉರುಳಿ ಉರುಳಿ ಹೊಸಿಲಿಗೆ ಹೋಗಿ ನಿಂತಿತು, ಹೆಬ್ಬೆರಳಿನ ಕುಳಿ ಮೇಲಾಗಿ. ಯಾರೂ ತಲೆ ಎತ್ತಲಿಲ್ಲ, ಭಾವ ಇನ್ನೊಂದು ತುತ್ತು ಮುರಿದುಕೊಂಡರು, ನಮ್ಮತ್ತೆ ಮೆಲ್ಲಗೆ, ಅದ ಎತ್ತಾಕ್ಬುಟ್ಟು ಇನ್ನೊಂದು ಎಸರಿಕ್ಕವ್ವ ಅಂದರು. ನಾನು ಎತ್ತಿದೆ. ಇನ್ನೂ ಬಿಸಿಯಿತ್ತು.

ಅಂಗಡಿಯಲ್ಲಿ ನಿಂತಿರುವಾಗಲೇ ಫೋನು ಹೊಡೆದುಕೊಳ್ಳುತ್ತಿದೆ, ಶೃತಿ, ಭೇರ್ಯಕ್ಕೆ ಕೊಟ್ಟ ಮಗಳು, ಓಟ್ಸಿನ ಯೋಚನೆ ಅವಳದೇ — ಅವ್ವ, ಮಸಾಲೆದು ಮುಟ್ಬ್ಯಾಡ, ಉಪ್ಪು ಸುರ್ದಿರ್ತಾರೆ, ಅಪ್ಪಂಗೆ ಬಿಪಿ, ಹಣ್ಣಿಂದೂ ಬ್ಯಾಡ, ಬರೀ ಸಕ್ರೆ, ಹಿಂದ್ಗಡೆ ನೋಡು, ಓಟ್ಸ್ ಅಂತ ಒಂದೇ ಬರ್ದಿರ್ಬೇಕು. ಹಿಂದುಗಡೆ ನೋಡಿದರೆ ಇರುವೆ ಸಾಲು, ಅದೂ ಇಂಗ್ಲಿಷಿನ ಇರುವೆ, ತಿನ್ನುವವರು ಹುಣಸೂರಿನವರು ಪಿರಿಯಾಪಟ್ಟಣದವರು, ಓದುವವರು ಮಾತ್ರ ಯಾವ ಸೀಮೆಯವರೋ, ಬಟ್ಟಲಿನ ಚಿತ್ರ ಅಂಗೈಯಗಲ ಬರೆಯಲು ಬಂತು, ಒಳಗೆ ಏನಿದೆ ಅನ್ನುವುದನ್ನು ಕಣ್ಣಿಗೆ ಕಾಣುವಷ್ಟು ಬರೆಯಲು ಬರಲಿಲ್ಲ. ಸ್ವಾಮಿ, ಓದಪ್ಪ ಇದ ಅಂದರೆ ಕನ್ನಡಕ ಹಾಕಿಕೊಂಡು ಬಂದು ಓದುತ್ತಾನೆ, ಇದರಲ್ಲಿ ಈರುಳ್ಳಿ ಪುಡಿ, ಹಾಲಿನ ಪುಡಿ, ಅದ್ಯಾವುದೋ ನಂಬರು, ಇದರಲ್ಲಿ ಸಕ್ಕರೆ, ಇದರಲ್ಲಿ ಬರೀ ಓಟ್ಸು ಆದರೆ ನುಚ್ಚು, ಅಕ್ಕಿ ನುಚ್ಚಿನ ಹಾಗೆ ಕಡಿದಿದ್ದಾರೆ, ಅದು ಬ್ಯಾಡವ್ವ ಗಂಟಲಿಗೆ ಸಿಗಾಕ್ಕೊತದೆ ಅಂತ ಶೃತಿ ಫೋನಿನೊಳಗಿಂದ. ಮೆತ್ತಗಿರೋದು ಬೇಕು ಅಂತ ಹೇಳು ಅವ್ವ, ಚಪ್ಪಟೆ ಇರ್ತದೆ, ಅವಲಕ್ಕಿ ಥರ, ತೆಳ್ಳುಂದು. ನಾನು ಕಣ್ಣನ್ನು ನಂಬದೆ ಬೆರಳನ್ನೇ ನಂಬಿದೆ, ಪೊಟ್ಟಣದ ಮೇಲಿಂದಲೇ ಹಿಸುಕಿ ನೋಡಿದೆ, ಇದು ದಪ್ಪ, ಇದು ತೆಳು, ಇದರ ತಳದಲ್ಲಿ ಬರೀ ದೂಳು ಕೂತಿದೆ, ಹಳೆಯದು, ಇದು ಗಲಗಲ ಅನ್ನುತ್ತಿದೆ, ಒಣಗಿದೆ, ಒಳ್ಳೆಯದು. ಇಷ್ಟು ಆರಿಸುತ್ತಿದ್ದೇನಲ್ಲ, ಯಾರಿಗೆ, ಸಂತೆಯಿಂದ ನನಗೆ ಅಂತ ಒಂದು ಮೊಳ ಹೂವನ್ನು ಆರಿಸಿ ತಂದವರಿಗಲ್ಲ, ಬಾಣಂತಿಗೆ ಬೆಲ್ಲ ತನ್ನಿ ಅಂದರೆ ಮರೆತು ಬೀಡಿ ಕಟ್ಟು ತಂದವರಿಗೆ, ಅವರ ನಾಲಗೆಗೆ ಯಾವುದು ಮೆತ್ತಗಾದೀತು ಅಂತ ನಾನು ಹಗಲೆಲ್ಲ ಗೋಡೆ ಮುಂದೆ ನಿಂತಿದ್ದೇನೆ, ಬಸ್ಸಿಗೆ ಹೊತ್ತಾಯಿತು, ಕಾಲು ನೋಯುತ್ತಿದೆ. ನೀಲಿ ಹಣ್ಣೂ ಇಲ್ಲದ, ನಗುವ ಹೆಂಗಸೂ ಇಲ್ಲದ, ಒಂದು ಒಣ ತೆನೆ ಮಾತ್ರ ಬರೆದಿದ್ದ ಪೊಟ್ಟಣ ತೆಗೆದುಕೊಂಡೆ. ಅದುಕ್ಕೆ ಟೇಸ್ಟಿರಲ್ಲ ಕಣಕ್ಕ ಅಂದ ಸ್ವಾಮಿ. ನಮ್ಮ ಸಂಸಾರಕ್ಕೂ ಇರಲಿಲ್ಲ ಬಿಡಪ್ಪ ಅನ್ನಬೇಕೆನಿಸಿತು, ದುಡ್ಡು ಎಣಿಸಿಕೊಟ್ಟೆ.

ಬಸ್ಸಿನಲ್ಲಿ ಪುಟ್ಟಸಿದ್ದಮ್ಮ ಸಿಕ್ಕಿದಳು, ನಮ್ಮ ಬೀದಿಯವಳೇ, ನನ್ನ ಮಡಿಲಲ್ಲಿದ್ದ ಚೀಲ ಬಿಚ್ಚಿ ಪೊಟ್ಟಣ ತೆಗೆದು ಮೂಸಿಯೂ ನೋಡಿದಳು, ಪುಣ್ಯ ಮಾಡಿದ್ದ ಕಣಮ್ಮಿ ನಿನ್ ಗಂಡ, ಇಂಥ ಎಂಡ್ರು ಸಿಕ್ಕಕ್ಕೆ. ಇದನ್ನೇ ಊರೆಲ್ಲ ಅನ್ನುತ್ತದೆ, ಪುಣ್ಯ ಮಾಡಿದ್ದು ಅವರು, ಉಣ್ಣಿಸುವುದು ನಾನು, ನಾನೇನು ಮಾಡಿದ್ದೆ ಅಂತ ಒಬ್ಬರೂ ಕೇಳುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನಮ್ಮದು ಉಣ್ಣಲು ಕೂತಾಗಲೇ ಶುರುವಾಗುತ್ತಿತ್ತು, ಅದೂ ಜಗಳವೆಲ್ಲಿ, ಜಗಳಕ್ಕೆ ಇಬ್ಬರು ಬೇಕು, ನಾನು ಎಸರಿನ ಮುಂದೆ ಕೋಲು ಹಿಡಿದು ನಿಂತು ತೊಳಸುತ್ತಿದ್ದೆ, ರಟ್ಟೆ ಬಿದ್ದುಹೋಗುವ ಹಾಗೆ ತೊಳಸುತ್ತಿದ್ದೆ, ಹೊಗೆಗೆ ಕಣ್ಣು ಮುಚ್ಚಿದರೆ ಅದೇ, ಮುದ್ದೆ ಉರುಳುತ್ತಿದೆ, ಹೊಸಿಲಿಗೆ ಹೋಗಿ ನಿಲ್ಲುತ್ತದೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ್ದೇನೆ, ಊರ ಮಕ್ಕಳೆಲ್ಲ ನೆಕ್ಕಿಕೊಂಡು ತಿಂದಿದ್ದಾರೆ, ಒಬ್ಬನೂ ತಟ್ಟೆ ಎಸೆದದ್ದಿಲ್ಲ, ಮೇಷ್ಟ್ರು ಬಾಯ್ತುಂಬ ಹೊಗಳುತ್ತಿದ್ದರು, ಮನೆಗೆ ಬಂದರೆ ಮಾತ್ರ ಒಬ್ಬ ಮನುಷ್ಯನ ಹೆಬ್ಬೆರಳಿಗೆ ನಡುಗಬೇಕು. ಪುಟ್ಟಸಿದ್ದಮ್ಮ ಬಿಡುವುದಿಲ್ಲ, ಮಾತು ಬರ್ತದೆ ಬುಡಮ್ಮಿ, ನಮ್ಮ ಚಿಕ್ಕಪ್ಪಂಗೂ ಅಂಗೇ ಆಗಿತ್ತು, ಒಂದಿನ ದಿಢೀರ್ನೆ ಬಂತು, ಮೊದ್ಲು ನಿನ್ನೆಸ್ರೇ ಕರೀತಾನೆ ನೋಡ್ತಿರು. ಡಾಕ್ಟರೂ ಅದನ್ನೇ ಅಂದಿದ್ದರು, ಬಂದರೂ ಬರಬಹುದು, ಒಂದು ಪದ ಬಂದರೆ ಇನ್ನೊಂದು ಬರುತ್ತದೆ, ಆದರೆ ಮೊದಲು ಹೊಟ್ಟೆಗೆ ಬೀಳಬೇಕು, ಮೈ ಇಳಿದುಹೋಗಿದೆ, ಇನ್ನೂ ಹೀಗೇ ಬಾಯಿ ಕಟ್ಟಿದರೆ ಮತ್ತೆ ಕೊಳವೆಯೇ ಗತಿ. ಕೊಳವೆ ಅಂದಾಗ ಇವರ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿದೆ. ಶೃತಿ ದಿನಾ ಸಂಜೆ ಫೋನು ಮಾಡಿ ಅಪ್ಪಾ ಶೃತಿ ಅನ್ನು, ಶೃತಿ, ಶೃತಿ ಅಂತ ಕಿವಿಗೆ ಹೇಳಿಕೊಡುತ್ತಾಳೆ. ನನ್ನ ಹೆಸರು ಇವರ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ, ಅಮ್ಮಿ, ಇಲ್ಲವೇ ಇವಳೇ, ಇಲ್ಲವೇ ಬರೀ ಕೆಮ್ಮು — ಆದರೂ ಆ ಬಸ್ಸಿನಲ್ಲಿ, ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು, ನಾನು ಆಸೆಪಟ್ಟೆ, ಪಟ್ಟೆ ಅಂತಲೇ ಹೇಳುತ್ತೇನೆ, ಕೆಂಪಾಜಿ ಅಂದರೆ ಇವರ ದನಿಯಲ್ಲಿ ಹೇಗೆ ಕೇಳಿಸೀತು ಅಂತ.

ಬೆಳಗಾಯಿತು, ಒಲೆ ಹಚ್ಚುತ್ತೇನೆ, ಓಟ್ಸು ಬೆಚ್ಚಗಾಗುವಷ್ಟೇ ಹುರಿಯುತ್ತೇನೆ, ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡುತ್ತೇನೆ, ಅಷ್ಟು ಆರಿಸಿ ತಂದದ್ದನ್ನು ಕೊನೆಗೆ ಪುಡಿಯೇ ಮಾಡಬೇಕು, ಬಿಸಿನೀರಿಗೆ ಸುರಿದರೆ ಕೆಡುತ್ತದೆ, ತಣ್ಣೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿ, ಕೈ ನಿಲ್ಲಬಾರದು, ಮುದ್ದೆ ತೊಳಸುವ ಕೋಲು ಇದಕ್ಕೆ ದೊಡ್ಡದು, ಚಮಚವೇ ಸಾಕು, ತಿರುವು, ತಿರುವು, ಹೊರಗೆ ಯಾರೋ ಕೂಗಿದರು, ತಿರುಗಿ ನೋಡಲಿಲ್ಲ, ಹಾಲು ಹಾಕಿದೆ, ಕೈ ನಿಲ್ಲಿಸಲಿಲ್ಲ, ಇಳಿಸಿ ಆರಿಸಿದೆ, ಬೆರಳ ತುದಿಯಲ್ಲಿ ಉಜ್ಜಿ ನೋಡಿದೆ, ಬೆಣ್ಣೆ, ಬೆಣ್ಣೆಯೇ, ಆ ಆಸ್ಪತ್ರೆಯ ಹುಡುಗಿ ಬಂದು ನೋಡಲಿ, ಕೋಟೆಯ ಭಾವನೂ ಎದ್ದು ಬಂದು ನೋಡಲಿ. ಇವರನ್ನು ಗೋಡೆಗೆ ಒರಗಿಸಿ ಕೂರಿಸುತ್ತೇನೆ, ಬಲಗಡೆಗೆ ದಿಂಬು, ಗದ್ದ ಕೆಳಗೆ ಮಾಡಬೇಕು, ಕೊರಳಿಗೆ ಟವಲು, ಫೋನು ಮಂಚದ ಮೇಲೆ, ಶೃತಿ ಆಗಲೇ ಕಾಯುತ್ತಿದ್ದಾಳೆ, ಅವ್ವ ತಿಂತಾವ್ರ, ಬಾಯ್ ಬುಟ್ರ. ಇರು ಕಣೆ ಅಂದೆ. ಚಮಚ ತುಟಿಗೆ ತಾಗಿಸಿದೆ, ರಾಗಿಗೆ ಕಚ್ಚಿಕೊಳ್ಳುತ್ತಿದ್ದ ಹಲ್ಲು ಬಿಟ್ಟುಕೊಂಡಿತು, ಹಾಲಿನ ವಾಸನೆಗೋ ಏನೋ, ಬಾಯಿ ತೆರೆಯಿತು, ಹಕ್ಕಿ ಮರಿಯ ಬಾಯಿಯ ಹಾಗೆ, ಒಳಗೆ ಇಟ್ಟೆ, ಗಂಟಲು ನೋಡುತ್ತಾ ಕೂತೆ, ನುಂಗಿ, ನುಂಗಿ, ಗಂಟಲ ಉಂಡೆ ಮೇಲೆ ಹೋಯಿತು, ಕೆಳಗೆ ಬಂತು, ಕೆಮ್ಮಿಲ್ಲ, ನೆತ್ತಿಗೆ ಹತ್ತಲಿಲ್ಲ, ಇಳಿಯಿತು, ಶೃತಿ ಇಳೀತು ಕಣೆ. ಇನ್ನೊಂದು ಚಮಚ. ಅದೂ ಇಳಿಯಿತು. ಇವರ ನಾಲಗೆ ಬಾಯೊಳಗೆ ಏನನ್ನೋ ಹುಡುಕುತ್ತಿದೆ, ತುಟಿ ಅಲುಗುತ್ತಿದೆ, ಹುಬ್ಬು ಗಂಟಿಕ್ಕಿಕೊಂಡಿತು, ಕಣ್ಣು ನನ್ನ ಮೇಲೆ ನಿಂತಿತು, ಇಷ್ಟು ದಿನ ಎತ್ತಲೋ ನೋಡುತ್ತಿದ್ದ ಕಣ್ಣು, ಬರುತ್ತಿದೆ, ಏನೋ ಬರುತ್ತಿದೆ, ನಾನು ಬಾಯಿಯ ಹತ್ತಿರ ಕಿವಿ ಒಯ್ದೆ — ಗಂಟದೆ.

ಗಂಟದೆ. ತೊದಲಿಲ್ಲ, ಸೊಟ್ಟ ಬಾಯಿಂದಲೂ ನೆಟ್ಟಗೆ ಬಂತು, ಅದೇ ದನಿ, ಅದೇ ಎಳೆತ. ಎಲ್ಲಿ, ಎಲ್ಲಿದೆ ಗಂಟು, ಬೆರಳು ಹಾಕಿ ಕೆನ್ನೆಯೊಳಗೆ ನೋಡಿದೆ, ಏನಿಲ್ಲ, ಬಟ್ಟಲಿಗೆ ಹೆಬ್ಬೆರಳು ಹೂತು ತಳದವರೆಗೂ ಒತ್ತಿ ನೋಡಿದೆ, ಏನೇನೂ ಇಲ್ಲ, ನಯ, ಬರೀ ನಯ, ಗಂಜಿಯಲ್ಲಿ ನನ್ನ ಬೆರಳಿನ ಕುಳಿ ಮಾತ್ರ ಉಳಿದಿದೆ. ಹುಟ್ಟಿದಾಗಿನಿಂದ ಆಡಿದ ಮಾತೆಲ್ಲ ಸೋರಿಹೋಗಿ ತಳದಲ್ಲಿ ಉಳಿದದ್ದು ಇದೊಂದೇನಾ, ಮಗಳ ಹೆಸರು ಉಳಿಯಲಿಲ್ಲ, ಅವ್ವ ಅನ್ನುವುದು ಉಳಿಯಲಿಲ್ಲ, ಕೆಂಪಾಜಿ ಇದ್ದರಲ್ಲವೇ ಉಳಿಯುವುದಕ್ಕೆ, ಇಲ್ಲದ ಗಂಟು ಉಳಿಯಿತು, ಹಾಗಾದರೆ ಆವತ್ತಿನ ಮುದ್ದೆಯಲ್ಲೂ ಇತ್ತೋ ಇಲ್ಲವೋ, ನಾನು ಎತ್ತಿಕೊಂಡಾಗ ಒತ್ತಿ ನೋಡಿದೆನೇ, ನೋಡಲಿಲ್ಲ, ಇದೆ ಅಂದರು ಇದೆ ಅಂದುಕೊಂಡೆ, ಬಟ್ಟಲು ಎಡಗೈಯಲ್ಲಿದೆ, ಗೋಡೆ ಎದುರಿಗಿದೆ, ಬೀಸಿದರೆ ಕೇಳುವವರು ಯಾರು, ಕೈ ಎತ್ತಿದೆ, ಎತ್ತಿದ್ದು ಹಾಗೇ ಇದೆ. ಅವ್ವ, ಅಪ್ಪ ಮಾತಾಡುದ್ರ, ನಂಗೆ ಕೇಳುಸ್ತು, ಏನಂದ್ರು, ನಿನ್ನೆಸ್ರ ಅಂದ್ರ — ಶೃತಿ ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಏನಂದ್ರವ್ವ ಹೇಳು, ಇವರು ಮತ್ತೆ ಬಾಯಿ ತೆರೆದಿದ್ದಾರೆ, ಇನ್ನೊಂದು ಚಮಚಕ್ಕೆ, ಏನನ್ನಲಿ ಇವಳಿಗೆ, ಮುದ್ದೆ ಉರುಳುತ್ತಿದೆ, ಅವಸರವಿಲ್ಲದೆ ಉರುಳಿ ಉರುಳಿ, ಹೊಸಿಲಿಗೆ ಹೋಗಿ ನಿಂತಿದೆ, ಹೆಬ್ಬೆರಳಿನ ಕುಳಿ ಮೇಲಾಗಿ