ನಾಟಕಕ್ಕೊಂದು ಮಿಂಚು

ಕಾಪು ಪೇಟೆಯಲ್ಲಿ ವಿಠಲಣ್ಣನ ಮೋಟಾರ್ ವೈಂಡಿಂಗ್ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ತೋರಿಸುತ್ತಿದ್ದರು. ಸುಟ್ಟ ಪಂಪು, ಸುಟ್ಟ ಫ್ಯಾನು, ಸುಟ್ಟ ಮಿಕ್ಸಿ, ಎಲ್ಲಕ್ಕೂ ಅದೇ ಗತಿ. ಆ ಸುಟ್ಟ ವಾಸನೆಯ ನಡುವೆ ಒಂದು ಮೂಲೆಯಲ್ಲಿ ಸವಿತಾ ಕುಳಿತಿರುತ್ತಿದ್ದಳು. ಎಂಟನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಸೇರಿದವಳು. ಅಪ್ಪ ರೇವಪ್ಪ ಮಣಿಪಾಲದ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕೆಂದು ಗುಳೇದಗುಡ್ಡದಿಂದ ಹೆಂಡತಿ ಮಗಳನ್ನು ಕಟ್ಟಿಕೊಂಡು ಬಂದಿದ್ದ. ಬಾಡಿಗೆ ಕಡಿಮೆ ಎಂದು ಕಾಪುವಿನಲ್ಲಿ ಕೋಣೆ ಹಿಡಿದಿದ್ದ.

ಅಂಗಡಿಯಲ್ಲಿ ಸವಿತಾಳ ಕೆಲಸ ಮೋಟಾರಿನ ಹೊಟ್ಟೆಯಿಂದ ಸುಟ್ಟ ತಂತಿ ಕೀಳುವುದು, ಕರಿ ಕೆರೆಯುವುದು, ಹೊಸ ತಂತಿಯ ಅಡಿಗೆ ಹಾಕುವ ಕಾಗದ ಕತ್ತರಿಸಿ ಕೊಡುವುದು. ಹೊಸ ತಂತಿ ಸುತ್ತುವವರು ಕಿಟಕಿಯ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದರು. ಅಲ್ಲಿ ಬೆಳಕು, ಗಾಳಿ, ರೇಡಿಯೋ ಎಲ್ಲವೂ ಉಂಟು. ಬೆಂಚಿನ ಒಂದು ತುದಿ ವಿಠಲಣ್ಣನ ಅಳಿಯ ಸುಕೇಶನದು. ಇನ್ನೊಂದು ತುದಿಯವನು ದುಬೈಗೆ ಹೋದ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ಸವಿತಾ ಅದನ್ನು ದಿನಾ ನೋಡುತ್ತಿದ್ದಳು, ಬಾಯಿ ಬಿಟ್ಟು ಕೇಳಿರಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಬಜಗೋಳಿಯ ನಾಟಕ ತಂಡದವರು ಒಂದು ವಿಚಿತ್ರ ಬೇಡಿಕೆ ಹೊತ್ತು ಬಂದರು. ಜನವರಿಯಲ್ಲಿ ಕಾರ್ಕಳದಲ್ಲಿ ನಾಟಕ ಸ್ಪರ್ಧೆ. ಇವರ ನಾಟಕದಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮುಳುಗುತ್ತದೆ. ಹಿಂದಿನ ವರ್ಷ ಪರದೆಯ ಹಿಂದೆ ವೆಲ್ಡಿಂಗ್ ಮಾಡಿ ಮಿಂಚು ತೋರಿಸಿದ್ದರಂತೆ. ಹಿಂದಿನ ಸಾಲಿನಿಂದ ಯಾರೋ "ಗೇಟು ಯಾವಾಗ ರೆಡಿ ಆಗ್ತದೆ" ಎಂದು ಕೂಗಿ, ದೋಣಿಯ ಜೊತೆ ನಾಟಕವೂ ಮುಳುಗಿತ್ತು. ಈ ಸಲ ನಿಜವಾದ ಮಿಂಚೇ ಬೇಕು ಎಂದರು.

ವಿಠಲಣ್ಣನಿಗೆ ನೆನಪಾದದ್ದು ಉಡುಪಿಯ ಓಸ್ವಾಲ್ಡ್. ಬೊಂಬಾಯಿಯಲ್ಲಿ ಗಾಜಿನ ಕೊಳವೆ ಬಗ್ಗಿಸಿ ನಿಯಾನ್ ಬೋರ್ಡು ಮಾಡುವುದನ್ನು ಕಲಿತು ಬಂದವರು. ಕೊಳವೆಯಲ್ಲಿ ಸೋರಿಕೆ ಇದೆಯೇ ಎಂದು ಪರೀಕ್ಷಿಸಲು ಕಿಡಿ ಕಾರುವ ಒಂದು ಯಂತ್ರ ಅವರಲ್ಲಿತ್ತು. ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಅದನ್ನೇ ಆಳೆತ್ತರ ಮಾಡಿದರೆ ಮಿಂಚು ಬರುತ್ತದೆ, ಅದರ ಹೆಸರು ಟೆಸ್ಲಾ ಕಾಯಿಲ್ ಎಂದು ಅವರು ಫೋನಿನಲ್ಲೇ ಹೇಳಿಬಿಟ್ಟರು. ಆದರೆ ಕಾಯಿಲ್ ಸುತ್ತುವವರು ಯಾರು? ತೋಟಕ್ಕೆ ನೀರು ಬಿಡುವ ಕಾಲ, ಸುಟ್ಟ ಪಂಪುಗಳು ಬಾಗಿಲವರೆಗೆ ಸಾಲು ನಿಂತಿದ್ದವು. ಸುಕೇಶ ಕೈ ಮುಗಿದ.

"ನಾನು ಮಾಡ್ತೇನೆ" ಎಂಬ ಮಾತು ಮೂಲೆಯಿಂದ ಬಂತು. ವಿಠಲಣ್ಣ ತಿರುಗಿ ನೋಡಿದ. ಗೋಡೆ ಮಾತಾಡಿದಷ್ಟು ಆಶ್ಚರ್ಯ ಅವನಿಗೆ.

"ನೀನಾ ಮಾರಾಯ್ತಿ?" ಎಂದ. ಆಮೇಲೆ ಅರ್ಧ ತಮಾಷೆಗೆ, ಅರ್ಧ ಮನಸ್ಸಿನಿಂದ ಖಾಲಿ ಜಾಗದ ಕಡೆ ಗಲ್ಲ ಎತ್ತಿದ. "ಮಾಡು. ಮಿಂಚು ಬಂದರೆ ಆ ಬೆಂಚು ನಿನ್ನದು."

ಸುಕೇಶ ನಕ್ಕ. ಸವಿತಾ ನಗಲಿಲ್ಲ.

ಮರುದಿನವೇ ಉಡುಪಿಯ ಬಸ್ಸು ಹಿಡಿದಳು. ಓಸ್ವಾಲ್ಡರ ಅಂಗಡಿ ಅವರ ಮನೆಯ ಪಡಸಾಲೆಯಲ್ಲೇ ಇತ್ತು. ಪೇಟೆಯವರೆಲ್ಲ ಫ್ಲೆಕ್ಸ್ ಬೋರ್ಡಿಗೆ ಬಿದ್ದ ಮೇಲೆ ಅವರಿಗೆ ಕೆಲಸ ಕಡಿಮೆ, ಮಾತು ಜಾಸ್ತಿ. ಲಾಡ್ಜುಗಳ ನಿಯಾನ್ ಬೋರ್ಡುಗಳಿಂದ ಕಿತ್ತು ತಂದ ಹಳೆಯ ಟ್ರಾನ್ಸ್‌ಫಾರ್ಮರುಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟರು. ಒಂದರ ತಳದಲ್ಲಿ ಡಾಮರು ಕಣ್ಣೀರಿನ ಹಾಗೆ ಇಳಿದು ಗಟ್ಟಿಯಾಗಿತ್ತು. ಒಳಗೆ ಬಿಸಿಯಾಗಿ ಕರಗಿದ್ದರೆ ಮಾತ್ರ ಹಾಗಾಗುವುದು ಎಂದು ಸವಿತಾ ಊಹಿಸಿ ಪಕ್ಕದ್ದನ್ನು ಮುಟ್ಟಿದಳು. ಓಸ್ವಾಲ್ಡ್ ಮೆಚ್ಚುಗೆಯಿಂದ ತಲೆಯಾಡಿಸಿ, ರಟ್ಟಿನ ಮೇಲೆ ಚಿತ್ರ ಬರೆದು ವಿವರಿಸಿದರು. ಟ್ರಾನ್ಸ್‌ಫಾರ್ಮರ್ ಉಪ್ಪುನೀರಿನ ಬಾಟಲಿಗಳಿಗೆ ಕರೆಂಟು ತುಂಬುತ್ತದೆ. ತುಂಬಿ ತಾಳಲಾರದೆ ಅದು ಎರಡು ಬೋಲ್ಟುಗಳ ನಡುವಿನ ಸಂದಿಯನ್ನು ಹಾರುತ್ತದೆ. ಹಾರಿದ ಏಟಿಗೆ ಕೆಳಗಿನ ದಪ್ಪ ಸುತ್ತು ಕುಲುಕುತ್ತದೆ, ಅದು ಕುಲುಕಿದರೆ ಪೈಪಿನ ಮೇಲಿನ ಸಪುರ ಸುತ್ತು ಎದ್ದು ಕುಣಿಯುತ್ತದೆ. ತುದಿಯಲ್ಲಿ ಮಿಂಚು.

"ಒಂದೇ ಮಾತು ಕೇಳು ಮಗಾ. ಇದು ನಿಯಾನ್ ಕರೆಂಟು, ಎರಡನೇ ಸಲ ಕ್ಷಮಿಸುವುದಿಲ್ಲ. ಸ್ವಿಚ್ ಹಾಕಿದ ಮೇಲೆ ಒಂದು ಕೈ ಕಿಸೆಯಲ್ಲಿರಬೇಕು."

"ಚೂಡಿದಾರಕ್ಕೆ ಕಿಸೆ ಇಲ್ಲ ಅಂಕಲ್."

"ಹಾಗಾದರೆ ಬೆನ್ನ ಹಿಂದೆ. ಮತ್ತೆ, ದೂರ."

ಇನ್ನು ಬಾಟಲಿ. ಬಿಯರ್ ಬಾಟಲಿಗೆ ಉಪ್ಪುನೀರು ತುಂಬಿ, ಹೊರಗೆ ಬೆಳ್ಳಿಕಾಗದ ಸುತ್ತಿದರೆ ಕರೆಂಟು ಹಿಡಿದಿಡುವ ಪಾತ್ರೆಯಾಗುತ್ತದೆ. ಬಾರಿನ ಹಿತ್ತಲಿಗೆ ಹೋಗಿ ಕೇಳುವ ಧೈರ್ಯ ಸವಿತಾಳಿಗೆ ಇರಲಿಲ್ಲ. ಗುಜರಿ ಅಂಗಡಿಗೆ ಹೋದಳು. ಅಲ್ಲಿ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದಳು. ಗಾಜಿನೊಳಗೆ ಗುಳ್ಳೆಯಿದ್ದರೆ ಕರೆಂಟು ಅಲ್ಲಿಯೇ ತೂತು ಕೊರೆಯುತ್ತದೆ ಎಂದು ಓಸ್ವಾಲ್ಡ್ ಹೇಳಿದ್ದರು. ಗುಳ್ಳೆ ಇದ್ದುದನ್ನು ಬದಿಗಿಟ್ಟಳು, ಉಗುರಿನಿಂದ ತಟ್ಟಿದಾಗ ಮಂಕಾಗಿ ಸದ್ದು ಮಾಡಿದ್ದನ್ನೂ ಬದಿಗಿಟ್ಟಳು. ಗುಜರಿಯವನು, ಖಾಲಿ ಬಾಟಲಿಯನ್ನು ಹೆಣ್ಣು ನೋಡುವ ಹಾಗೆ ನೋಡಿದವರನ್ನು ಇದೇ ಮೊದಲು ಕಂಡದ್ದು ಎಂದ.

ಚೀಲ ಹೊತ್ತು ಬಸ್ಸು ಹತ್ತಿದಾಗ ಒಳಗಿನಿಂದ ಗಲಗಲ ಸದ್ದು. ಇಡೀ ಬಸ್ಸು ತಿರುಗಿ ನೋಡಿತು.

"ಎಂತ ಮಾರಾಯ್ತಿ, ಮನೆಯಲ್ಲಿ ಮದುವೆಯಾ?" ಎಂದ ಕಂಡಕ್ಟರ್.

ಸವಿತಾ ಕಿವಿವರೆಗೆ ಕೆಂಪಾಗಿ ಚೀಲವನ್ನು ಎದೆಗವಚಿಕೊಂಡು ಕಾಪುವರೆಗೂ ನೆಲ ನೋಡುತ್ತಾ ಬಂದಳು. ಆದರೆ ಒಂದೂ ಬಾಟಲಿ ಒಡೆಯಲಿಲ್ಲ.

ದಪ್ಪ ಸುತ್ತಿಗೆ ಮನೆ ವಯರಿಂಗಿನ ತಂತಿ ಸಾಕು ಎಂದಿದ್ದ ವಿಠಲಣ್ಣ. ಓಸ್ವಾಲ್ಡ್ ಬೇಡವೆಂದರು. ಈ ಕರೆಂಟು ತಂತಿಯ ಒಳಗೆ ಹೋಗುವುದಿಲ್ಲ, ಅದರ ಚರ್ಮದ ಮೇಲೆ ಓಡುತ್ತದೆ, ಹೊಟ್ಟೆ ಖಾಲಿಯಿದ್ದರೂ ನಡೆಯುತ್ತದೆ, ಮೈ ಮಾತ್ರ ಅಗಲ ಬೇಕು. ಹಾಗಾಗಿ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ರಿಪೇರಿಗೆ ಬಿಚ್ಚಿಹಾಕಿದ್ದ ತಾಮ್ರದ ಕೊಳವೆ ತರಿಸಿದರು. ಮೀನಿನ ವಾಸನೆ ಹೋಗಲು ಅದನ್ನು ಹುಣಸೆಹುಳಿ ಹಾಕಿ ತಿಕ್ಕಬೇಕಾಯಿತು. ತಿಕ್ಕಿದ ಮೇಲೆ ಅದು ದೇವರ ತಂಬಿಗೆಯ ಹಾಗೆ ಹೊಳೆಯಿತು.

ಸಪುರ ಸುತ್ತಿಗೆ ಪೈಪು ಆರಿಸುವಾಗ ಸವಿತಾ ಯಾರನ್ನೂ ಕೇಳಲಿಲ್ಲ. ಅಂಗಡಿಯ ಹಿಂದೆ ಕಪ್ಪು ಪೈಪು, ಬೂದು ಪೈಪು, ಬಿಳಿ ಪೈಪು ಎಲ್ಲದರ ತುಂಡುಗಳೂ ಬಿದ್ದಿದ್ದವು. ಕಪ್ಪು ಬಣ್ಣಕ್ಕೆ ಮಸಿ ಬೆರೆಸುತ್ತಾರೆ, ಮಸಿಯಲ್ಲಿ ಕರೆಂಟು ಹರಿಯುತ್ತದೆ. ಮೋಟಾರಿನೊಳಗಿನ ಕರಿ ಕೆರೆದು ಕೆರೆದು ಆ ಪಾಠ ಅವಳ ಬೆರಳುಗಳಿಗೇ ಬಂದಿತ್ತು. ಬೂದು ಬಣ್ಣದ್ದನ್ನು ತೆಗೆದುಕೊಂಡಳು. ಕಡಲ ಗಾಳಿಗೆ ಅದರ ಮೇಲೂ ಉಪ್ಪು ಕುಳಿತಿತ್ತು. ನಾಲಗೆಯಿಂದ ಮುಟ್ಟಿ ನೋಡಿದಳು, ನಿಜವೇ. ತೊಳೆದು, ಬಿಸಿಲಿಗಿಟ್ಟು, ಸ್ಪಿರಿಟ್ ಹಾಕಿ ಒರೆಸಿದಳು.

ತುದಿಗೆ ಕೂರಿಸುವ ಲೋಹದ ಬಳೆ ಮಾತ್ರ ಎಲ್ಲಿಯೂ ಸಿಗಲಿಲ್ಲ. ನುಣುಪಾಗಿರಬೇಕು, ಎಲ್ಲಿಯೂ ಮೂಲೆ ಇರಬಾರದು, ಮೂಲೆಯಿದ್ದರೆ ಮಿಂಚು ಅಲ್ಲಿಂದಲೇ ಸೋರಿ ಹೋಗುತ್ತದೆ. ಕೊನೆಗೆ ಓಸ್ವಾಲ್ಡರ ಹೆಂಡತಿ ಗ್ಲ್ಯಾಡಿಸ್ ಬಾಯಿಯ ಅಡುಗೆಮನೆಯಲ್ಲಿ, ನಡುವೆ ತೂತಿರುವ ಕೇಕಿನ ಎರಡು ಅಲ್ಯೂಮಿನಿಯಂ ಅಚ್ಚುಗಳು ಸವಿತಾಳ ಕಣ್ಣಿಗೆ ಬಿದ್ದವು. ಒಂದರ ಮೇಲೊಂದು ಬೋರಲು ಹಾಕಿದರೆ ಅದೇ ಬಳೆ. ಕೇಳಲು ನಾಚಿಕೊಂಡು ಸುಮ್ಮನೆ ನೋಡುತ್ತಾ ನಿಂತಳು. ಕ್ರಿಸ್ಮಸ್ ಮುಗಿಯುವ ತನಕ ಮುಟ್ಟಬಾರದು ಎಂದು ಗ್ಲ್ಯಾಡಿಸ್ ಬಾಯಿ ತಾವಾಗಿಯೇ ಹೇಳಿ, ಹಬ್ಬದ ಮರುದಿನ ಕೇಕಿನ ತುಂಡಿನ ಸಮೇತ ಎರಡೂ ಅಚ್ಚುಗಳನ್ನು ಕೊಟ್ಟರು.

ಸುತ್ತುವ ಕೆಲಸ ಭಾನುವಾರ ಮನೆಯಲ್ಲಿ ನಡೆಯಿತು. ಮೋಟಾರಿನ ಸುರುಳಿಗಳಲ್ಲಿ ತಂತಿ ಒಂದರ ಮೇಲೊಂದು ಹತ್ತಿ ಕೂತರೂ ನಡೆಯುತ್ತದೆ. ಇಲ್ಲಿ ಒಂದೇ ಪದರ, ಒಂದರ ಪಕ್ಕ ಒಂದು, ಕೂದಲೆಳೆ ಸಂದಿಯಿರಬಾರದು. ಅವ್ವ ಯಮನವ್ವ ಗುಳೇದಗುಡ್ಡದಲ್ಲಿ ಖಣದ ಮಗ್ಗಕ್ಕೆ ನೂಲು ಸುತ್ತಿ ಬೆಳೆದವಳು. ತಂತಿಯ ಉಂಡೆಯನ್ನು ಅವಳು ಬೆರಳ ಸಂದಿಯಲ್ಲಿ ಹಿಡಿದು ಬಿಗಿ ತಪ್ಪದಂತೆ ಬಿಟ್ಟಳು. ಮಗಳು ಪೈಪನ್ನು ಮೆಲ್ಲಗೆ ತಿರುಗಿಸಿದಳು. ಬಿಸಿಲು ಬಾಗಿಲಿನಿಂದ ಒಳಬಂದು ಹೊರಗೆ ಹೋಗುವಷ್ಟರಲ್ಲಿ ಪೈಪಿಗೆ ತಾಮ್ರದ ರವಿಕೆ ತೊಡಿಸಿದಂತಾಗಿತ್ತು. ವಾರ್ನಿಶ್ ಬಳಿದು ಮಂಚದ ಮೇಲೆ ಮಲಗಿಸಿಟ್ಟರು.

ಬೆಳಿಗ್ಗೆ ಎದ್ದು ನೋಡಿದರೆ ಕಾಯಿಲಿನ ಮೈಮೇಲೆ ತುದಿಯಿಂದ ಬುಡದವರೆಗೆ ಮೂರು ಬಿಳಿ ಗೆರೆಗಳು. ಅವ್ವ ನಸುಕಿನಲ್ಲೇ ಸ್ನಾನ ಮಾಡಿ, ವಿಭೂತಿಯನ್ನು ನೀರಿನಲ್ಲಿ ಕಲಸಿ ಎಳೆದಿದ್ದಳು. ಮಲಗಿಸಿದ್ದ ಪೈಪಿಗೆ ಅಡ್ಡ ಎಳೆದರೆ ಗೆರೆ ಗಿಡ್ಡವಾಗುತ್ತದೆಂದು ಉದ್ದಕ್ಕೆ ಎಳೆದಿದ್ದಳು.

"ಹೊಸಾ ಸಾಮಾನು ಐತಿ. ಹಂಗ ಬೋಳು ಹಣೀಲೆ ಕಳಸಬಾರದವ್ವಾ" ಎಂದಳು.

ಒರೆಸಲು ಸವಿತಾಳಿಗೆ ಕೈ ಬರಲಿಲ್ಲ. ಹೊಸ ಮೋಟಾರಿಗೆ ವಿಠಲಣ್ಣನೂ ಗಂಧ ಹಚ್ಚುತ್ತಾನೆ. ಒಣಗಿದ ಬೂದಿ ಏನು ಮಾಡೀತು ಎಂದುಕೊಂಡಳು. ಆದರೆ ವಾರ್ನಿಶ್ ಇನ್ನೂ ಅಂಟಂಟಾಗಿತ್ತು, ನೀರು ಬೂದಿ ಎರಡನ್ನೂ ಅದು ಹಿಡಿದಿಟ್ಟುಕೊಂಡಿತ್ತು.

ಅಂಗಡಿಯಂಗಳದಲ್ಲಿ ಎಲ್ಲವನ್ನೂ ಜೋಡಿಸಿದರು. ಓಸ್ವಾಲ್ಡ್ ಉಡುಪಿಯಿಂದ ಬಂದರು. ಸ್ವಿಚ್ ಹಾಕಿದ ಕೂಡಲೇ ಬೋಲ್ಟುಗಳ ಸಂದಿ ಕಿವಿ ಕಿತ್ತುಹೋಗುವ ಹಾಗೆ ಚಟಗುಟ್ಟಿತು. ಆದರೆ ತುದಿಯಲ್ಲಿ ಮಿಂಚು ಹುಟ್ಟಲಿಲ್ಲ. ನೇರಳೆ ಕಿಡಿಗಳು ಆ ಬಿಳಿ ಗೆರೆಗಳನ್ನೇ ದಾರಿ ಮಾಡಿಕೊಂಡು ಇರುವೆ ಸಾಲಿನಂತೆ ಕೆಳಗಿಳಿದವು. ಹೊಗೆ ಎದ್ದಿತು. ಸವಿತಾಳಿಗೆ ಚೆನ್ನಾಗಿ ಗೊತ್ತಿದ್ದ ಸುಟ್ಟ ತಂತಿಯ ವಾಸನೆ ಅಂಗಳವನ್ನೆಲ್ಲ ತುಂಬಿತು.

"ದೇವರೇ ಶಾರ್ಟ್ ಮಾಡಿದ ಮೇಲೆ ಯಾರಿಗೆ ಕಂಪ್ಲೇಂಟ್ ಕೊಡುವುದು?" ಎಂದ ಸುಕೇಶ.

ವಿಠಲಣ್ಣ ನಗಲಿಲ್ಲ. ಸುಟ್ಟ ಪೈಪಿನ ಸುತ್ತ ಒಂದು ಸುತ್ತು ಬಂದ. "ಸಾಕು. ಹಳೆಯ ವೆಲ್ಡಿಂಗೇ ಇರಲಿ ಅಂತ ನಾಟಕದವರಿಗೆ ಹೇಳಿಬಿಡ್ತೇನೆ. ನೀನು ಒಳಗೆ ಹೋಗು, ಪಂಪುಗಳು ಉಂಟು."

ಸವಿತಾ ಹೋಗಲಿಲ್ಲ. ಅಂಗಡಿಗೆ ಸೇರಿದಂದಿನಿಂದ ಅವನ ಮಾತಿಗೆ ಅವಳು ಎದುರಾಡಿದ್ದಿಲ್ಲ.

"ಹೇಳಬೇಡಿ ವಿಠಲಣ್ಣ" ಎಂದಳು. "ಕಾಯಿಲ್ ಸರಿಯಾಗಿಯೇ ಉಂಟು. ಅದರ ಮೇಲೆ ದಾರಿ ಬಿಟ್ಟದ್ದು ನಾನು. ಇನ್ನೊಂದು ಸಲ ತಂತಿ ಕೊಡಿ."

"ಮತ್ತೆ ಸುಟ್ಟರೆ?"

"ಮತ್ತೆ ಸುಟ್ಟರೆ ಬೆಂಚಿನ ಕಡೆ ನೋಡುವುದಿಲ್ಲ."

ಅವಳು ಆ ಬೆಂಚನ್ನು ನೋಡುತ್ತಿದ್ದಳೆಂಬುದು ವಿಠಲಣ್ಣನಿಗೆ ಆಗಷ್ಟೇ ಗೊತ್ತಾದದ್ದಿರಬೇಕು. ಒಳಗಿನಿಂದ ಹೊಸ ತಂತಿಯ ಉಂಡೆ ತಂದು ಅವಳ ಕೈಗಿಟ್ಟ.

ಹೊಸ ಪೈಪು ತೊಳೆದು ಒಣಗಿಸಿದ್ದಾಯಿತು. ಮುಂದಿನ ಭಾನುವಾರ ಮತ್ತೆ ಅವ್ವ ಉಂಡೆ ಹಿಡಿದಳು, ಮತ್ತೆ ಮಗಳು ತಿರುಗಿಸಿದಳು. ಸುಟ್ಟದ್ದು ಹೇಗೆಂದು ಸವಿತಾ ಹೇಳಿರಲಿಲ್ಲ. ಕೊನೆಯ ಸುತ್ತು ಮುಗಿಯುವಾಗ ಯಮನವ್ವ ತಾನೇ ಕೇಳಿದಳು.

"ನನ್ನ ಈಬತ್ತಿಯಿಂದ ಕೆಟ್ಟಿತ್ತಲ್ಲ?"

ಸವಿತಾ ಕಾಯಿಲು ನಿಲ್ಲಿಸುವ ಹಲಸಿನ ಹಲಗೆಯನ್ನು ಅವ್ವನ ಮುಂದೆ ಇಟ್ಟು, ಅದರ ಅಂಚು ತೋರಿಸಿದಳು. "ಇಲ್ಲಿ ಹಚ್ಚು ಯವ್ವಾ. ಇಲ್ಲಿ ಎಷ್ಟ ಹಚ್ಚಿದರೂ ನಡೀತೈತಿ."

"ಅಬಾಬಾ, ದೇವರಿಗೂ ಜಾಗಾ ಅಳದು ಕೊಡ್ತಾಳ ನೋಡು" ಎಂದು ಯಮನವ್ವ ನಕ್ಕಳು. ನಕ್ಕವಳು ಹಲಗೆಯ ಅಂಚಿಗೆ ಸಾವಕಾಶವಾಗಿ ಮೂರು ಗೆರೆ ಎಳೆದು, ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಆಮೇಲೆಯೇ ತಂತಿ ಮುಟ್ಟಿದಳು. ಈ ಸಲ ವಾರ್ನಿಶ್ ಪೂರ್ತಿ ಒಣಗುವವರೆಗೆ ಕಾದರು, ಒಣಗಿದ ಮೇಲೆ ಮತ್ತೊಂದು ಪದರ ಬಳಿದರು. ಮತ್ತೆ ಅಂಗಡಿಯಂಗಳದಲ್ಲಿ ನಿಲ್ಲಿಸಿ ನೋಡುವಷ್ಟು ದಿನ ಉಳಿದಿರಲಿಲ್ಲ. ಪರೀಕ್ಷೆ ಏನಿದ್ದರೂ ಕಾರ್ಕಳದಲ್ಲೇ.

ಕಾರ್ಕಳದ ಸಭಾಂಗಣದ ಹಿಂದೆ ಸವಿತಾ ಬೇರೆಯದೇ ಅರ್ಥಿಂಗ್ ಹೊಂಡ ತೋಡಿಸಿದಳು. ಇದ್ದಿಲು, ಉಪ್ಪು ಹಾಕಿ ನೀರು ಸುರಿದಳು. ವೇದಿಕೆಯ ಮೂಲೆಯಲ್ಲಿ ಕಾಯಿಲು ನಿಂತಿತು. ಸುತ್ತ ಹಗ್ಗ ಕಟ್ಟಿ, ಒಳಗೆ ಯಾರೂ ಬರಬಾರದೆಂದು ಓಸ್ವಾಲ್ಡ್ ಕಾವಲು ನಿಂತರು. ಮಧ್ಯಾಹ್ನವೆಲ್ಲ ಸ್ವಿಚ್ ಹಾಕಿ ನೋಡುವುದು, ಸ್ವಿಚ್ ತೆಗೆದು ಎರಡೂ ಸುತ್ತುಗಳ ತಾಳ ಕೂಡಲೆಂದು ತಾಮ್ರದ ಕೊಳವೆಗೆ ತಂತಿ ಸೇರಿಸುವ ಕ್ಲಿಪ್ಪನ್ನು ಅರ್ಧ ಸುತ್ತು ಸರಿಸುವುದು, ಮತ್ತೆ ಸ್ವಿಚ್ ಹಾಕುವುದು. ಮೊದಮೊದಲು ಕೇಕಿನ ಅಚ್ಚಿನ ಅಂಚಿನಲ್ಲಿ ಬೆರಳುದ್ದದ ಕಿಡಿ. ಆಮೇಲೆ ಗೇಣುದ್ದ. ಹೊರಗಿನಿಂದ ಎರಡನೆಯ ಸುತ್ತಿಗೆ ಕ್ಲಿಪ್ಪು ಬಂದಾಗ ಕಾಯಿಲು ಒಮ್ಮೆಲೇ ಉಸಿರೆಳೆದ ಹಾಗಾಯಿತು. ಮೊಳದುದ್ದದ ನೇರಳೆ ಬಳ್ಳಿಗಳು ಗಾಳಿಯಲ್ಲಿ ಕವಲೊಡೆದವು. ಸುಕೇಶ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡಲು ಮರೆತು ನಿಂತ.

ಸಂಜೆ ಸಭಾಂಗಣ ತುಂಬಿತು. ದೋಣಿಯ ದೃಶ್ಯ ಬಂತು, ದೀಪಗಳು ಆರಿದವು. ಸವಿತಾ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈಯಿಂದ ಸ್ವಿಚ್ ಒತ್ತಿದಳು.

ಗುಡುಗೂ ಮಿಂಚೂ ಒಂದೇ ಕ್ಷಣಕ್ಕೆ ಬಂದವು. ಕವಲು ಕವಲಾಗಿ ಬೆಳಕು ಕತ್ತಲೆಯನ್ನು ಸೀಳಿತು. ದೋಣಿಯವರ ಮುಖಗಳು ಒಂದು ಕ್ಷಣ ಕಂಡು ಮಾಯವಾದವು. ಓಸ್ವಾಲ್ಡ್ ಪರದೆಯ ಸಂದಿಯಲ್ಲಿ ಎತ್ತಿ ಹಿಡಿದಿದ್ದ ನಿಯಾನ್ ಕೊಳವೆ, ಯಾವ ತಂತಿಯೂ ಇಲ್ಲದೆ, ಕೆಂಪಗೆ ಹೊತ್ತಿ ಉರಿಯಿತು. ಹಿಂದಿನ ಸಾಲಿನಲ್ಲಿ ಯಾರೂ ಗೇಟಿನ ಮಾತೆತ್ತಲಿಲ್ಲ. ಸವಿತಾ ಸ್ವಿಚ್ ಬಿಟ್ಟಳು, ಮತ್ತೆ ಒತ್ತಿದಳು. ದೋಣಿ ಮಗುಚಿತು. ಆಗ ಎದ್ದ ಚಪ್ಪಾಳೆಗೆ ಮುಂದಿನ ಮಾತು ಹೇಳಬೇಕಾದ ನಟ ಕಾಯುತ್ತಾ ನಿಲ್ಲಬೇಕಾಯಿತು.

ಪರದೆಯ ಹಿಂದಿನಿಂದ ಅವಳು ಜನರನ್ನು ನೋಡಿದಳು. ಮೂರನೆಯ ಸಾಲಿನಲ್ಲಿ ಯಮನವ್ವ, ಯಾರ ಪರಿಚಯವೂ ಇಲ್ಲದಿದ್ದರೂ, ಅಕ್ಕಪಕ್ಕದವರಿಗೆಲ್ಲ ಮೂಲೆಯ ಕಡೆ ಬೆರಳು ತೋರಿಸುತ್ತಿದ್ದಳು.

ನಾಟಕಕ್ಕೆ ಮೊದಲ ಬಹುಮಾನ ಬಂತು. ವಿಠಲಣ್ಣ ಕಾಪುವಿಗೆ ಮರಳುವ ದಾರಿಯುದ್ದಕ್ಕೂ ಮಿಂಚಿನ ಮಾತು ಬಿಟ್ಟು ಬೇರೆಲ್ಲ ಮಾತಾಡಿದ.

ಸೋಮವಾರ ಸವಿತಾ ಎಂದಿನ ಹೊತ್ತಿಗೆ ಬಂದು ತನ್ನ ಮೂಲೆಗೆ ಹೋಗಿ ಕುಳಿತಳು. ಬೆಳ್ಮಣ್ಣಿನಿಂದ ಒಬ್ಬರು ಸುಟ್ಟ ಪಂಪು ಹೊತ್ತು ತಂದರು. ವಿಠಲಣ್ಣ ಅದನ್ನು ತಾನೇ ಎತ್ತಿ, ಕಿಟಕಿಯ ಬೆಂಚಿನ ಖಾಲಿ ತುದಿಯಲ್ಲಿ ಇಟ್ಟ.

"ಯಾರು ಸುತ್ತುವುದು ಇದನ್ನು?" ಎಂದು ಅವರು ಕೇಳಿದರು.

"ಇವಳು" ಎಂದ ವಿಠಲಣ್ಣ. ಮೂಲೆಯ ಕಡೆ ತಿರುಗಿ, "ಎಂತ ಕೂತದ್ದು ಅಲ್ಲಿ? ಬಾ" ಎಂದ.

ಸುಕೇಶ ಸರಿದು ಜಾಗ ಮಾಡಿಕೊಟ್ಟ. ಸವಿತಾ ಹೋಗಿ ಕುಳಿತಳು. ಬಿಸಿಲು ನೇರ ಕೈಮೇಲೆ ಬೀಳುತ್ತಿತ್ತು.

ಬೆಳ್ಮಣ್ಣಿನವರು ಅವಳನ್ನೇ ದಿಟ್ಟಿಸಿದರು. ಅವರೂ ಕಾರ್ಕಳದಲ್ಲಿ ನಾಟಕ ನೋಡಿದ್ದರೆಂದು ಕಾಣುತ್ತದೆ. "ಮಿಂಚು ಮಾಡಿದ ಹುಡುಗಿ ನೀನೇ ಅಲ್ವಾ? ನನಗೆ ಮಿಂಚು ಬೇಡ ಮಾರಾಯ್ತಿ. ನೀರು ಬಂದರೆ ಸಾಕು."

"ಬರ್ತದೆ" ಎಂದಳು ಸವಿತಾ, ತಲೆಯೆತ್ತಿ.