ಗೋವಿಂದರಾಜು ತೊಳೆದ ಸೀಸೆಗಳು

ಹೂವಿನ ಚಕ್ರವನ್ನು ಎಲ್ಲಿಡುವುದೆಂದು ತಿಳಿಯದೆ ಅಕ್ಷತ ಅದನ್ನು ಎದೆಗವಚಿಕೊಂಡು ನಿಂತಿರುವಾಗಲೇ ಫೋನು ಮೂರನೇ ಸಲ ಬಡಿದುಕೊಂಡಿತು. ಪಿಎಚ್‌ಡಿ ಗೈಡು ಪದ್ಮಶ್ರೀ ಮೇಡಂ.

“ಪರೀಕ್ಷಕರಿಗೆ ಕಳಿಸೋ ಪತ್ರಕ್ಕೆ ಸಹಿ ಹಾಕಿದ್ರಾ? ಐದು ಗಂಟೆ ಒಳಗೆ ಬೇಕು.”

“ಮೇಡಂ, ನಲ್ಲೂರಲ್ಲಿದೀನಿ. ಗೋವಿಂದರಾಜು ಅವರ ಮಣ್ಣಿಗೆ...”

“ಗೊತ್ತಮ್ಮ. ಸೀಸೆ ತೊಳೆದವರ ತಪ್ಪು ಅಂತ ಬರೆದ್ರೆ ಮುಗೀತು. ಹೇಗೂ ಅವರಿಲ್ಲ. ಯಾರಿಗೂ ತೊಂದರೆ ಇಲ್ಲ.”

ಪಕ್ಕದ ಏರ್‌ಪೋರ್ಟಿಗೆ ತಲೆಯ ಮೇಲೇ ಇಳಿದುಬಂದ ವಿಮಾನ ಉಳಿದ ಮಾತನ್ನು ನುಂಗಿತು. ಅಷ್ಟಾದರೂ ಉಪಕಾರವಾಯಿತು.

ಮೂರು ವರ್ಷ ಲ್ಯಾಬಿನಲ್ಲಿ ಒದ್ದಾಡಿ ಅಕ್ಷತ ಮಾಡಿದ್ದು ಒಂದು ಅಂಟು, ಒಂದು ಬಗೆಯ ಪಾಲಿಮರು. ಹೊಳೆಯುವ ಪಾಲಿಮರಿಗೆ ಬೆಂಜೀನಿನಲ್ಲಿರುವಂಥ ಪರಮಾಣುಗಳ ಉಂಗುರಗಳು ಬೇಕೇಬೇಕು ಎನ್ನುತ್ತವೆ ಪುಸ್ತಕಗಳು. ಇದರಲ್ಲಿ ಒಂದೂ ಇರಲಿಲ್ಲ. ಆದರೂ ನೇರಳೆ ಬೆಳಕಿನ ಟಾರ್ಚು ಬಿಟ್ಟರೆ ನೀಲಿಯಾಗಿ ಹೊಳೆಯುತ್ತಿತ್ತು. ಆಕೆಯ ಪ್ರಬಂಧ ಓದಿದ ಪರೀಕ್ಷಕರು ಒಂದೇ ಸಾಲಿನಲ್ಲಿ ಮುಗಿಸಿದ್ದರು: ಇದು ಸೀಸೆಯಲ್ಲಿ ಉಳಿದ ಸೋಪಿನ ಪುಡಿಯ ಹೊಳಪು. ಬಟ್ಟೆ ಬೆಳ್ಳಗೆ ಕಾಣಲೆಂದು ಪುಡಿಗೆ ಬೆರೆಸುವ ಬಣ್ಣವೂ ಅದೇ ಟಾರ್ಚಿಗೆ ಹಾಗೇ ಹೊಳೆಯುತ್ತದೆ.

*

“ಉಂಗುರ ಇಲ್ದೇನೇ ಹೊಳೀತದಾ?” ಲ್ಯಾಬಿನ ತೊಟ್ಟಿಯ ಬಳಿ ಸೀಸೆ ತೊಳೆಯುತ್ತಿದ್ದ ಗೋವಿಂದರಾಜು ಅಂದು ಬಾಯಿ ಬಿಟ್ಟುಕೊಂಡು ನೋಡಿದ್ದ. “ನಮ್ ಅಳಿಯಂಗೆ ತೋರ್ಸಿ ಮೇಡಮ್ಮಾರೆ. ಮದ್ವೇಲಿ ಉಂಗುರ ಹಾಕ್ಲಿಲ್ಲಾಂತ ಇನ್ನೂ ಮೂತಿ ಊದಿಸ್ಕೊಂಡವ್ನೆ.”

“ಅಣುಗಳು ಒಂದೊಂದೇ ಇದ್ರೆ ಹೊಳೆಯಲ್ಲ. ಒತ್ತಾಗಿ ಸೇರಿಕೊಂಡ್ರೆ ಮಾತ್ರ.”

“ಬಸ್ಸಲ್ಲಿ ನಾವು ಬತ್ತೀವಲ್ಲ, ಹಂಗೆ.”

ಪರೀಕ್ಷಕರ ಪತ್ರ ಬಂದ ದಿನ ಆಕೆ ಕೇಳಿದ್ದಳು: “ಯಾವ ಪುಡಿ ಹಾಕಿದ್ರಿ?”

ನಗು ಆರಿತು. ಆತ ನೆಲ ನೋಡಿದ. “ಆಫೀಸಲ್ಲಿ ಕೊಟ್ಟಿದ್ದೇ ಕಣಮ್ಮ.”

ಆ ತಗ್ಗಿದ ತಲೆಯನ್ನು ನೋಡಿಯೇ ಆಕೆ ತಪ್ಪು ಆತನದೆಂದು ನಂಬಿದ್ದು.

*

ಅಂಗಳದಲ್ಲಿ ಹೆಣಕ್ಕೆ ನೀರು ಹಾಕುತ್ತಿದ್ದರು. ಅಳಿಯ ಹರಿಪ್ರಸಾದ್ ಹೊಸ ಸೋಪಿನ ಕವರು ಹರಿದದ್ದೇ ತಡ, ಗೋವಿಂದರಾಜುವಿನ ಹೆಂಡತಿ ಮುನಿರತ್ನಮ್ಮ ಅಳು ನಿಲ್ಲಿಸಿ ಗದರಿದಳು.

“ಅದನ್ನ ಕೆಳಗಿಡಪ್ಪಾ! ಸೋಪು ಸೋಕಿದ್ರೆ ಅವ್ರಿಗೆ ಮೈಯೆಲ್ಲ ಬೊಬ್ಬೆ ಏಳ್ತಿತ್ತು.”

“ಇನ್ನೆಲ್ಲಿ ಬೊಬ್ಬೆ ಅತ್ತೆ?”

“ಸೀಗೇಕಾಯಿ ಹಾಕು ಅಂದ್ರೆ ಹಾಕು!”

ಅಕ್ಷತ ಚಕ್ರ ಹಿಡಿದೇ ಮುಂದೆ ಬಂದಳು. “ಅಮ್ಮಾ, ಲ್ಯಾಬಲ್ಲಿ ಏನು ಹಾಕಿ ತೊಳೀತಿದ್ರು?”

“ಒಲೆ ಬೂದಿ ಕಣವ್ವ. ದಿನಾ ಡಬ್ಬೀಲಿ ಹೊತ್ಕೊಂಡೋಗೋರು. ಗೊತ್ತಾದ್ರೆ ಕೆಲ್ಸದಿಂದ ತೆಗೀತಾರೆ ಅಂತ ಯಾರ್ಗೂ ಹೇಳ್ಲಿಲ್ಲ.”

“ಮತ್ತೆ ಆಫೀಸಿನ ಪುಡಿ?”

ಪಕ್ಕದ ಮನೆಯ ಸೊಣ್ಣಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. “ಈ ಮನೆ ಬಟ್ಟೆ ಒಗೆದದ್ದೆಲ್ಲ ಅದ್ರಲ್ಲೇ. ನಂಗೂ ತಿಂಗ್ಳಿಗೊಂದು ಪಾಕೀಟು ಕೊಡೋನು, ಪುಣ್ಯಾತ್ಮ.”

ಅಕ್ಷತಳಿಗೆ ರೇಗಿಹೋಯಿತು. ಒಂದೇ ಒಂದು ಮಾತು ಆಡಬಾರದಿತ್ತೇ ಈ ಮನುಷ್ಯ! ಮೂರು ವರ್ಷದ ಕೆಲಸ! ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದವನನ್ನು ತೋಳು ಹಿಡಿದು ಅಲುಗಿಸಿ ಕೇಳಬೇಕೆನಿಸಿತು. ತಾನೂ ಇನ್ನೊಂದು ಸಲ ಕೇಳಬಹುದಿತ್ತಲ್ಲ ಎಂಬುದು ಆಮೇಲೆ ಹೊಳೆದು, ಸಿಟ್ಟು ಇನ್ನೂ ಹೆಚ್ಚಾಯಿತು.

“ಹಂಗೇ ನಿಂತ್ರೆ ಹೆಂಗವ್ವ?” ಮುನಿರತ್ನಮ್ಮ ಚಕ್ರ ಕಿತ್ತುಕೊಂಡಳು. “ಒಳಗಿನ ಕೋಣೇಲಿ ಹಗ್ಗದ ಮೇಲೆ ಅವ್ರ ಪಂಚೆ ಐತೆ, ತತ್ತಾ. ಬೇರೇರದ್ದು ತಂದ್ಬಿಟ್ಟೀಯ. ಅವ್ರದ್ದು ಬ್ಯಾರೆ ಒಗೀತಿದ್ದೆ, ಸೀಗೇಪುಡೀಲಿ.”

ಕಿಟಕಿಯಿಲ್ಲದ ಕೋಣೆ, ಕರೆಂಟೂ ಇರಲಿಲ್ಲ. ಹಗ್ಗದ ತುಂಬ ಮಸುಕು ಬಿಳಿ ಬಟ್ಟೆಗಳು. ಯಾವುದೆಂದು ತಿಳಿಯದೆ ಅಕ್ಷತ ಚೀಲದಿಂದ ನೇರಳೆ ಟಾರ್ಚು ತೆಗೆದು ಒತ್ತಿದಳು.

ಅಳಿಯನ ಅಂಗಿ, ಮೊಮ್ಮಗಳ ಸ್ಕೂಲ್ ಶರ್ಟು, ಟವೆಲ್ಲು, ದಿಂಬಿನ ಚೀಲ ಎಲ್ಲವೂ ಒಮ್ಮೆಗೇ ನೀಲಿಯಾಗಿ ಹೊತ್ತಿಕೊಂಡವು. ನಡುವೆ ಒಂದೇ ಒಂದು ಪಂಚೆ ಹೊತ್ತಿಕೊಳ್ಳದೆ ಉಳಿಯಿತು.

ಫೋನು ಬಡಿದುಕೊಂಡಿತು. ಆಕೆ ಅದನ್ನು ಬಾಯಿ ಮುಚ್ಚಿಸಿ, ಅಂಟು ತುಂಬಿದ್ದ ಪುಟ್ಟ ಸೀಸೆಯನ್ನು ಚೀಲದಿಂದ ತೆಗೆದು ಟಾರ್ಚಿನ ಬೆಳಕಿಗೆ ಹಿಡಿದಳು.

“ಸಿಕ್ತೇನವ್ವಾ?” ಹೊರಗಿನಿಂದ ಕೂಗು ಬಂತು.

ಕಪ್ಪಾಗಿ ಇಳಿಬಿದ್ದಿದ್ದ ಆ ಪಂಚೆಯ ಮುಂದೆ, ಅವನು ಬೂದಿ ಹಾಕಿ ತೊಳೆದುಕೊಟ್ಟಿದ್ದ ಸೀಸೆಯೊಳಗೆ, ಅಂಟು ತನ್ನಷ್ಟಕ್ಕೆ ನೀಲಿಯಾಗಿ ಹೊಳೆಯುತ್ತಿತ್ತು.