ಮೊದಲು ನೀನು ಕುಡಿ

ಯಾರು ನೀರು ಕೊಟ್ಟರೂ ಮುನಿಶಾಮಮ್ಮ ಮೊದಲು ಮೂಸುತ್ತಿದ್ದರು. ಮೂಸಿ, ಲೋಟವನ್ನು ಬೆಳಕಿಗೆ ಹಿಡಿದು, ಕೊಟ್ಟವರ ಮುಖವನ್ನೊಮ್ಮೆ ಅಳೆದು, "ಮೊದಲು ನೀನು ಕುಡಿ" ಎನ್ನುತ್ತಿದ್ದರು. ಹೊರಮಾವಿನ ರಾಗಿಹೊಲಗಳು ಅಪಾರ್ಟ್‌ಮೆಂಟುಗಳಾಗಿ ಮೇಲೆದ್ದ ಕಾಲದಲ್ಲಿ, ಜ್ಯೂಸು ಕುಡಿಸಿ, ನಗುನಗುತ್ತಲೇ ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ಕಲಿಸಿದ ಅಭ್ಯಾಸವದು. ಸೊಸೆ ಹಂಸಳ ಕೈಯ ನೀರಿಗೂ ವಿನಾಯಿತಿ ಇರಲಿಲ್ಲ.

ಅಂಥವರಿಗೆ ಬಲಪಕ್ಕೆಯ ಕೆಳಗೆ, ಗೋಡೆ ಹಿಡಿದು ನಡೆಯುವಂಥ ನೋವು ಬಂತು. ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಡಾಕ್ಟರು ಸ್ಕ್ಯಾನಿಂಗ್ ಬರೆದರು. ರಾತ್ರಿಯಿಂದ ಏನೂ ತಿನ್ನಬಾರದು; ಬೆಳಿಗ್ಗೆ ನೀರು ಕುಡಿದು, ಮೂತ್ರ ತಡೆದುಕೊಂಡಿರಬೇಕು.

"ಅನ್ನ ಬೇಡ, ನೀರು ಮಾತ್ರ ಬೇಕು. ಹೊಟ್ಟೆ ಉಬ್ಬಿಸಿ ಗೆಡ್ಡೆ ಅಂತ ತೋರ್ಸೋಕೆ ತಾನೆ?" ಎಂದರು ಮುನಿಶಾಮಮ್ಮ.

ಹತ್ತಿರದ ಸ್ಕ್ಯಾನಿಂಗ್ ಸೆಂಟರ್ ತಮ್ಮದೇ ಹಳೆಯ ಹೊಲದ ಮೇಲಿದ್ದುದರಿಂದ ಅಲ್ಲಿಗೆ ಕಾಲಿಡಲೊಲ್ಲರು. ದೂರದ ಹೊಸ ತಿಪ್ಪಸಂದ್ರದ ಸೆಂಟರಿಗೇ ಹೋದರೆ, ಹೊಟ್ಟೆ ತುಂಬ ಗಾಳಿ. ಏನೂ ಸರಿಯಾಗಿ ಕಾಣಲಿಲ್ಲ. ಅಲ್ಲಿಯ ನರ್ಸ್ ಜಹನಾರಾ, "ಏನು ತಿಂದ್ರಿ ಅಜ್ಜಿ?" ಎಂದಳು.

"ಏನೂ ಇಲ್ಲ, ಮುನೇಶ್ವರನಾಣೆ."

ಹಂಸ ಅತ್ತೆಯ ನಾಲಗೆ ನೋಡಿದಳು. ಕೆಂಪಗಿತ್ತು.

"ಎಲೆ ಅಡಿಕೆ ಊಟಾನೇನೇ?" ಎಂದು ಅತ್ತೆ ಅವಳನ್ನೇ ಗದರಿದರು.

ಮರುವಾರ ಹಂಸ ಎಲೆ ಅಡಿಕೆ ಚೀಲವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು; ಅತ್ತೆ ಬಚ್ಚಲಿಂದ ಬಂದರೂ ಬಾಯಿ ತೆರೆಸಿ ನೋಡಿದಳು. ಈ ಸಲವೂ ಕಾಣದಿದ್ದರೆ ಇವರು ನೋವಿನಲ್ಲೇ ಸಾಯುತ್ತಾರೆ, ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೆಂಟರಿನಲ್ಲಿ ಜಹನಾರಾ ತಂದ ಪ್ರತಿ ಲೋಟ ನೀರಿನಲ್ಲೂ ಅರ್ಧ ಹಂಸಳ ಪಾಲಾಯಿತು. ಅತ್ತೆ, ಸೊಸೆ ಇಬ್ಬರೂ ಕಾಲು ಬಿಗಿಹಿಡಿದು ಬೆಂಚಿನ ಮೇಲೆ ಕೂತರು.

"ಅಕ್ಕಾ, ನಿಮಗೂ ಮಾಡ್ಬಿಡೋಣ, ನೀವೂ ರೆಡಿಯಾಗಿದೀರ," ಎಂದು ಜಹನಾರಾ ನಕ್ಕಳು.

ಹೊಟ್ಟೆಗೆ ಸವರಿದ ಜೆಲ್ಲನ್ನೂ ಮುನಿಶಾಮಮ್ಮ ಬೆರಳಿಗೆ ತಗುಲಿಸಿಕೊಂಡು ಮೂಸಿದರು. ಪರದೆಯ ಮೇಲೆ ಕಲ್ಲು ಬೆಳ್ಳಗೆ ಮೂಡಿದಾಗ, "ಇದು ನಂದೇನಾ, ನನಗಿಂತ ಮುಂಚೆ ಬಂದವರ್ದಾ?" ಎಂದರು. ಡಾಕ್ಟರು ಉಸಿರು ಹಿಡಿಯಲು ಹೇಳಿದರು. ಹಿಡಿದರೆ ಕಲ್ಲು ನಿಂತಿತು, ಬಿಟ್ಟರೆ ಸರಿಯಿತು. ಯಾರೂ ಹೇಳದೆಯೇ ಆಕೆ ಇನ್ನೊಮ್ಮೆ ಹಿಡಿದು, ಬಿಟ್ಟು ನೋಡಿದರು. ಕಲ್ಲಿಗೆ ಆಪರೇಷನ್ ಆಗಬೇಕೆಂದರು ಡಾಕ್ಟರು.

ಹೊರಗೆ ಬಂದಾಗ ಹಂಸ ಕೇಳಿದಳು: "ಆಪರೇಷನ್‌ಗೂ ನಾನೇ ಮೊದಲು ಮಲಗ್ಬೇಕಾ ಅತ್ತೆ?"

"ಬೇಡ. ಬಾಗಿಲಲ್ಲಿ ನಿಂತಿರು, ಸಾಕು."

ಒಮ್ಮೆ ಮೋಸಹೋದವರು ಯಾರ ಮಾತನ್ನೂ ನಂಬುವುದಿಲ್ಲ. ತಮ್ಮ ಲೋಟದಲ್ಲಿ ಮೊದಲು ಕುಡಿದವರನ್ನು ಮಾತ್ರ, ನಂಬಿದೆನೆಂದು ಬಾಯಿಬಿಟ್ಟು ಹೇಳದೆ, ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತಾರೆ.